ಕುತ್ತಿಗೆ ಮತ್ತು ಮೇಲ್ಬೆನ್ನನ್ನು ಬಿಗಿಯುವ ರೋಗ: ದಂಪತಿಗಳು ತಿಳಿದಿರಬೇಕಾದ ಸಂಗತಿಗಳು

ಬೆನ್ನುನೋವು ನಮ್ಮ ಗ್ರಾಮಗಳಲ್ಲಿ ಅಪರೂಪವಾದುದಲ್ಲ. ಉಳುವವರಿಗೂ, ನಾಟಿ ಹಾಕುವ ಹೆಣ್ಣುಮಕ್ಕಳಿಗೂ, ಹೊರೆ ಹೊರುವವರಿಗೂ ಅದು ಬರುತ್ತದೆ. ನಾಲ್ಕು ದಿನ ವಿಶ್ರಾಂತಿ ಪಡೆದರೆ ಹೋಗುತ್ತದೆ. ಆದರೆ ವಿಶ್ರಾಂತಿಯಿಂದ ಹೆಚ್ಚಾಗುವ, ಓಡಾಡಿ ಕೆಲಸ ಮಾಡಿದರೆ ಕಡಿಮೆಯಾಗುವ ಇನ್ನೊಂದು ಬಗೆಯ ಬೆನ್ನುನೋವು ಉಂಟು. ಸಾಮಾನ್ಯವಾಗಿ ಹದಿನೈದರಿಂದ ಮೂವತ್ತೈದು ವರ್ಷದೊಳಗಿನ ಪ್ರಾಯದಲ್ಲಿ ಸೊಂಟದ ಕೆಳಭಾಗದಲ್ಲಿ ತಲೆದೋರಿ, ವರ್ಷಗಟ್ಟಲೆ ನಿಧಾನವಾಗಿ ಮೇಲೇರಿ, ಕೊನೆಗೆ ಕುತ್ತಿಗೆಯನ್ನು ತಲುಪುವ ಈ ವ್ಯಾಧಿಗೆ ವೈದ್ಯಶಾಸ್ತ್ರದಲ್ಲಿ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಎಂದು ಹೆಸರು. ವಯಸ್ಸಾದವರಲ್ಲಿ ಮೂಳೆ ಸವೆದು ಬರುವ ಸ್ಪಾಂಡಿಲೋಸಿಸ್ ಎಂಬ ತೊಂದರೆಯ ಹೆಸರನ್ನು ನೀವು ಕೇಳಿರಬಹುದು. ಹೆಸರುಗಳು ಹತ್ತಿರವಾದರೂ ರೋಗಗಳು ಬೇರೆ ಬೇರೆ. ಒಂದು ಮುಪ್ಪಿನ ಸವೆತ; ಇನ್ನೊಂದು ಯೌವನದ ಉರಿಯೂತ.

ಗುರುಪುರದ ಸುತ್ತಿನ ಹಳ್ಳಿಗಳಲ್ಲಿಯೂ, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳಲ್ಲಿಯೂ ಹೊಗೆಸೊಪ್ಪಿನ ಹಂಗಾಮು ಬಂದಿತೆಂದರೆ ನಸುಕಿನಲ್ಲಿಯೇ ಎದ್ದು ಹೊಲಕ್ಕೆ ಹೋಗಬೇಕು. ಆ ಹೊತ್ತಿಗೆ ಮನೆಯ ಯುವಕನೊಬ್ಬನು ಹಾಸಿಗೆಯಿಂದ ಏಳಲಾರದೆ, ಎದ್ದ ಮೇಲೂ ಒಂದು ಗಂಟೆಯ ಕಾಲ ಮರದ ಬೊಂಬೆಯಂತೆ ನಡೆದಾಡಿ, ಬಿಸಿಲೇರಿದ ಮೇಲೆ ಎಲ್ಲರಂತೆ ದುಡಿಯತೊಡಗಿದರೆ ಹಿರಿಯರು ಅವನನ್ನು ಸೋಮಾರಿಯೆಂದು ಗದರಿಸುತ್ತಾರೆ. ಮಧ್ಯಾಹ್ನ ಇಲ್ಲದ ನೋವು ಬೆಳಿಗ್ಗೆ ಎಲ್ಲಿಂದ ಬಂದೀತು ಎಂಬುದು ಅವರ ವಾದ. ವಾಸ್ತವವಾಗಿ ಈ ರೋಗದ ಗುರುತೇ ಅದು. ರಾತ್ರಿ ಎರಡು ಮೂರು ಗಂಟೆಯ ಹೊತ್ತಿಗೆ ನೋವಿನಿಂದ ಎಚ್ಚರವಾಗುವುದು, ಬೆಳಿಗ್ಗೆ ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಬೆನ್ನು ಮರಗಟ್ಟಿದಂತಿರುವುದು, ಪೃಷ್ಠದ ನೋವು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಬದಲಾಗುವುದು, ಇವು ಮೂರು ತಿಂಗಳಿಗೂ ಮೀರಿ ಇದ್ದರೆ ವೈದ್ಯರಿಗೆ ತೋರಿಸಲೇಬೇಕು. ಮಗ್ಗುಲಲ್ಲಿ ಮಲಗಿದ ಪತ್ನಿಗೆ ಅಥವಾ ಪತಿಗೆ ಇವು ತಿಳಿಯುವಷ್ಟು ಬೇರೆ ಯಾರಿಗೂ ತಿಳಿಯಲಾರವು. ವೈದ್ಯರ ಬಳಿಗೆ ದಂಪತಿಗಳು ಜೊತೆಯಾಗಿ ಬರಬೇಕೆಂದು ಹೇಳುವುದು ಈ ಕಾರಣದಿಂದ.

ಬೆನ್ನೆಲುಬಿನ ರಚನೆ

ಬೆನ್ನೆಲುಬು ಒಂದೇ ಮೂಳೆಯಲ್ಲ. ಒಂದರ ಮೇಲೊಂದು ಪೇರಿಸಿದ ಮಣಿಗಳ ಸಾಲು. ಇವನ್ನು ಕಶೇರುಮಣಿಗಳೆನ್ನುತ್ತಾರೆ. ಕುತ್ತಿಗೆಯಲ್ಲಿ 7, ಅದರ ಕೆಳಗೆ ಎದೆಯ ಹಿಂಭಾಗದಲ್ಲಿ 12, ಸೊಂಟದಲ್ಲಿ 5 ಮಣಿಗಳಿವೆ. ಮಣಿಗಳ ನಡುವೆ ಮೆತ್ತನೆಯ ಬಿಲ್ಲೆಗಳೂ, ಅವನ್ನು ಒಂದಕ್ಕೊಂದು ಬಿಗಿದಿರುವ ಅಸ್ಥಿಬಂಧಗಳೂ ಇರುವುದರಿಂದ ನಾವು ಬಾಗಬಲ್ಲೆವು, ತಿರುಗಬಲ್ಲೆವು. ಕುತ್ತಿಗೆಯ ಮೊದಲನೆಯ ಎರಡು ಮಣಿಗಳ ಜೋಡಣೆ ವಿಶೇಷವಾದುದು. ತಲೆಯನ್ನು ಎಡಬಲಕ್ಕೆ ತಿರುಗಿಸುವ ಕೆಲಸದಲ್ಲಿ ಸುಮಾರು ಅರ್ಧಭಾಗ ಅಲ್ಲಿಯೇ ನಡೆಯುತ್ತದೆ. ಎದೆಯ ಹಿಂದಿನ 12 ಮಣಿಗಳಿಗೆ ಪಕ್ಕೆಲುಬುಗಳು ಸಣ್ಣ ಕೀಲುಗಳ ಮೂಲಕ ಕೂಡಿಕೊಂಡಿವೆ. ಉಸಿರೆಳೆದುಕೊಂಡಾಗ ಎದೆ ಅಗಲವಾಗುವುದು ಈ ಕೀಲುಗಳು ಆಡುವುದರಿಂದ. ಈ ಎಲ್ಲ ಮಣಿಗಳ ಒಳಗಿನ ಕಾಲುವೆಯಲ್ಲಿ ಮೆದುಳಿನಿಂದ ಕೈಕಾಲುಗಳಿಗೆ ಆಜ್ಞೆ ಒಯ್ಯುವ ಬೆನ್ನುಹುರಿ ಇಳಿದುಬರುತ್ತದೆ.

ಅಸ್ಥಿಬಂಧವು ಮೂಳೆಗೆ ಅಂಟಿಕೊಳ್ಳುವ ಸ್ಥಳದಲ್ಲಿ ಈ ರೋಗವು ಉರಿಯೂತವನ್ನುಂಟುಮಾಡುತ್ತದೆ. ಹೊರಗಿನ ರೋಗಾಣುಗಳೊಡನೆ ಹೋರಾಡಬೇಕಾದ ಶರೀರದ ರಕ್ಷಣಾಶಕ್ತಿಯು ತನ್ನ ಕೀಲುಗಳನ್ನೇ ಬಾಧಿಸುತ್ತದೆ. ಉರಿಯೂತವು ಆರುವಾಗ ಆ ಸ್ಥಳದಲ್ಲಿ ಹೊಸ ಮೂಳೆ ಬೆಳೆಯುತ್ತದೆ. ಹೀಗೆ ಬೆಳೆದ ಮೂಳೆ ಒಂದು ಮಣಿಯಿಂದ ಮುಂದಿನ ಮಣಿಗೆ ಸೇತುವೆ ಕಟ್ಟುತ್ತದೆ. ಬಹುಕಾಲದ ರೋಗಿಗಳ ಕ್ಷ-ಕಿರಣ ಚಿತ್ರವನ್ನು ನೋಡಿದರೆ ಬೆನ್ನೆಲುಬು ಗೆಣ್ಣುಗೆಣ್ಣಾದ ಬಿದಿರಿನಂತೆ ಕಾಣುತ್ತದೆ. ವೈದ್ಯರು ಇದನ್ನು ‘ಬಿದಿರು ಬೆನ್ನು’ ಎಂದೇ ಕರೆಯುತ್ತಾರೆ. ನಾಗರಹೊಳೆಯ ಅಂಚಿನಲ್ಲಿ ವಾಸಿಸುವ ನಮಗೆ ಆ ಹೋಲಿಕೆ ಅರ್ಧ ಮಾತ್ರ ಸರಿಯೆನಿಸುತ್ತದೆ. ಹಸಿ ಬಿದಿರು ಗಾಳಿಗೆ ಬಾಗುತ್ತದೆ; ಈ ಬೆನ್ನು ಬಾಗಲಾರದು. ಗುಣದಲ್ಲಿ ಇದು ಸೀಮೆಸುಣ್ಣದ ಕಡ್ಡಿಗೆ ಹತ್ತಿರ.

ರೋಗವು ಮೇಲೇರುವ ಬಗೆ

ಎಲ್ಲ ರೋಗಿಗಳಲ್ಲಿಯೂ ಬೆನ್ನು ಪೂರ್ತಿಯಾಗಿ ಬೆಸೆದುಕೊಳ್ಳುವುದಿಲ್ಲ. ಅನೇಕರಲ್ಲಿ ರೋಗವು ಸೊಂಟದಲ್ಲಿಯೇ ನಿಂತುಬಿಡುತ್ತದೆ. ಮೇಲೇರುವವರಲ್ಲಿ ಮೊದಲು ಎದೆಯ ಹಿಂಭಾಗ ಬಿಗಿಯುತ್ತದೆ. ಕೆಮ್ಮಿದಾಗ, ಸೀನಿದಾಗ ಪಕ್ಕೆಲುಬಿನ ಬುಡದಲ್ಲಿ ಚುಚ್ಚಿದಂತಾಗುತ್ತದೆ. ಕೆಲವರು ಇದನ್ನು ಹೃದಯದ ನೋವೆಂದು ಹೆದರಿ ಬರುತ್ತಾರೆ. ಎದೆನೋವೆಂದು ಬಂದವರನ್ನು ಪರೀಕ್ಷಿಸಿ ಹೃದಯವನ್ನೂ ನೋಡುವುದು ವೈದ್ಯರ ಕರ್ತವ್ಯ. ಆದುದರಿಂದ ಇದು ಬೆನ್ನಿನದೇ ನೋವೆಂದು ನೀವೇ ತೀರ್ಮಾನಿಸಿ ಮನೆಯಲ್ಲಿ ಕೂರಬಾರದು. ಪಕ್ಕೆಲುಬಿನ ಕೀಲುಗಳು ಬಿಗಿದಂತೆ ಎದೆಯ ಅಗಲಿಕೆ ಕಡಿಮೆಯಾಗಿ, ಮನುಷ್ಯನು ಹೊಟ್ಟೆಯಿಂದಲೇ ಉಸಿರಾಡತೊಡಗುತ್ತಾನೆ. ಹೊಟ್ಟೆ ಬಿರಿಯುವಂತೆ ಉಂಡ ಮೇಲೆ ಏದುಸಿರು ಬರುವುದು ಇಂತಹವರಿಗೆ.

ಆಮೇಲೆ ಕುತ್ತಿಗೆ. ಮೊದಮೊದಲು ತಲೆಯ ಹಿಂಭಾಗದಲ್ಲಿ, ಹೆಗಲ ನಡುವೆ ನೋವು. ಬರಬರುತ್ತಾ ಹಿಂದಕ್ಕೆ ತಿರುಗಿ ನೋಡುವುದು ಕಷ್ಟವಾಗುತ್ತದೆ. ಯಾರಾದರೂ ಕರೆದರೆ ಇಡೀ ಮೈಯನ್ನೇ ತಿರುಗಿಸಬೇಕಾಗುತ್ತದೆ. ನೋವು ತಾಳಲಾರದೆ ಮುಂದಕ್ಕೆ ಬಾಗಿಯೇ ಕೂರುವುದರಿಂದ, ದಪ್ಪ ದಿಂಬಿನ ಮೇಲೆ ತಲೆಯಿಟ್ಟು ಮುದುಡಿ ಮಲಗುವುದರಿಂದ, ಬಾಗಿದ ಭಂಗಿಯಲ್ಲಿಯೇ ಮೂಳೆ ಬೆಸೆದುಕೊಳ್ಳುತ್ತದೆ. ಬೆನ್ನು ಗೂನಾಗಿ ಗದ್ದವು ಎದೆಯ ಕಡೆಗೆ ಇಳಿಯುತ್ತದೆ. ಇದು ಅತಿಯಾದಲ್ಲಿ ಎದುರಿಗಿರುವವರ ಮುಖ ನೋಡಿ ಮಾತನಾಡಲಾಗದು. ದಾರಿಯಲ್ಲಿ ಕಾಣುವುದು ತನ್ನ ಪಾದವೂ ಮುಂದಿನ ನಾಲ್ಕು ಮಾರು ನೆಲವೂ ಮಾತ್ರ. ಬೆಸೆದುಕೊಂಡ ಮೂಳೆಯನ್ನು ಬಿಡಿಸುವ ಔಷಧಿಯಿಲ್ಲ. ಆದರೆ ಕುತ್ತಿಗೆ ಬಿಗಿಯುವುದೇ ಆದರೆ ಅದು ನೇರವಾದ ಭಂಗಿಯಲ್ಲಿ ಬಿಗಿಯುವಂತೆ ನೋಡಿಕೊಳ್ಳುವುದು ಬಹಳ ಮಟ್ಟಿಗೆ ರೋಗಿಯ ಮತ್ತು ಮನೆಯವರ ಕೈಯಲ್ಲಿದೆ. ಈ ಪಾಠದಲ್ಲಿ ಉಳಿದುದೆಲ್ಲ ಮರೆತರೂ ಇದೊಂದನ್ನು ಮರೆಯಬಾರದು.

ಗಂಡಸರಲ್ಲಿ ಈ ರೋಗವನ್ನು ಹೆಚ್ಚಾಗಿ ಗುರುತಿಸಲಾಗುತ್ತದೆ. ಹೆಂಗಸರಿಗೂ ಇದು ಬರುತ್ತದೆ. ಕೆಲವು ಸ್ತ್ರೀಯರಲ್ಲಿ ಸೊಂಟಕ್ಕಿಂತ ಕುತ್ತಿಗೆಯ ನೋವೇ ಪ್ರಧಾನವಾಗಿರುತ್ತದೆ. ದುರದೃಷ್ಟವಶಾತ್ ಹೆಂಗಸರ ಬೆನ್ನುನೋವಿಗೆ ನಮ್ಮಲ್ಲಿ ಸಿದ್ಧ ಉತ್ತರಗಳಿವೆ: ಬಾಣಂತನದ ಆರೈಕೆ ಸಾಲದೆ ಬಂದುದು, ವಂಕಿ ಹಾಕಿಸಿದುದರಿಂದ ಬಂದುದು, ಸಂತಾನಹರಣ ಶಸ್ತ್ರಚಿಕಿತ್ಸೆಯ ಸೂಜಿಯಿಂದ ಬಂದುದು. ಮೂವತ್ತು ವರ್ಷದ ಗೃಹಿಣಿಯೊಬ್ಬಳು ಬೆಳಗಿನ ಜಾವ ರಾಗಿ ಬೀಸಲು ಏಳಲಾರದೆ, ಮಧ್ಯಾಹ್ನ ನೆಮ್ಮದಿಯಾಗಿದ್ದರೆ ಆ ಶಸ್ತ್ರಚಿಕಿತ್ಸೆಯನ್ನು ದೂರುವ ಬದಲು ಆಕೆಯನ್ನು ಆಸ್ಪತ್ರೆಗೆ ಕರೆತರುವುದು ಪತಿಯ ಕರ್ತವ್ಯ.

ಇನ್ನೂ ಕೆಲವು ರೋಗಗಳು ಇದನ್ನು ಹೋಲುತ್ತವೆ. ಜ್ವರ, ತೂಕ ಇಳಿಯುವುದು, ಬೆನ್ನಿನ ಒಂದೇ ಮಣಿ ಉಬ್ಬಿ ನೋಯುವುದು ಕಂಡುಬಂದರೆ ಅದು ಬೆನ್ನೆಲುಬಿನ ಕ್ಷಯವಿರಬಹುದು. ಅದಕ್ಕೆ ಪೂರ್ಣ ಗುಣಪಡಿಸುವ ಔಷಧಿ ಸರ್ಕಾರದಿಂದ ಉಚಿತವಾಗಿ ದೊರೆಯುತ್ತದೆ. ಪಾವಗಡ, ಕೋಲಾರ, ಮುಂಡರಗಿಯ ಕಡೆಗಳಲ್ಲಿ ಆಳವಾದ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಅಂಶ ಹೆಚ್ಚಾಗಿರುವುದರಿಂದ ಹಲ್ಲು ಕಂದಾಗಿ, ಬೆನ್ನು ಮತ್ತು ಕುತ್ತಿಗೆ ಇದೇ ರೀತಿ ಬಿಗಿಯುವುದುಂಟು. ಆ ಕಡೆಯಿಂದ ಮದುವೆಯಾಗಿ ಬಂದ ಸೊಸೆಯಂದಿರಿದ್ದರೆ ವೈದ್ಯರಿಗೆ ತವರಿನ ಊರನ್ನೂ ತಿಳಿಸಬೇಕು.

ಬಿಗಿದ ಕುತ್ತಿಗೆಗೆ ಒದಗುವ ಅಪಾಯಗಳು

ಬಿಗಿದ ಕುತ್ತಿಗೆ ಗಟ್ಟಿಯಾದ ಕುತ್ತಿಗೆಯೆಂದು ಭ್ರಮಿಸಬಾರದು. ಮಣಿಗಳ ಹೊರಗೆ ಮೂಳೆ ಬೆಳೆದರೂ ಒಳಗಿನ ಮೂಳೆ ಟೊಳ್ಳಾಗಿರುತ್ತದೆ. ಆರೋಗ್ಯವಂತನ ಕುತ್ತಿಗೆಯು ಪೆಟ್ಟನ್ನು ಏಳು ಮಣಿಗಳಿಗೂ ಹಂಚಿ ತಾಳಿಕೊಳ್ಳುತ್ತದೆ. ಬೆಸೆದ ಕುತ್ತಿಗೆಯಲ್ಲಿ ಪೆಟ್ಟೆಲ್ಲ ಒಂದೇ ಕಡೆ ಬಿದ್ದು, ಬಚ್ಚಲಿನಲ್ಲಿ ಜಾರಿದಷ್ಟಕ್ಕೇ ಮೂಳೆ ಮುರಿಯಬಹುದು. ಹೀಗೆ ಮುರಿಯುವುದು ಹೆಚ್ಚಾಗಿ ಕುತ್ತಿಗೆಯ ಕೆಳಭಾಗದ 5, 6, 7ನೆಯ ಮಣಿಗಳ ಬಳಿ. ಬೆನ್ನುಹುರಿಗೆ ಏಟು ಬಿದ್ದರೆ ಕೈಕಾಲುಗಳ ಶಕ್ತಿ ಉಡುಗುತ್ತದೆ.

ಆದುದರಿಂದ ಕುತ್ತಿಗೆ ಬಿಗಿದವರು ತಲೆಯ ಮೇಲೆ ಹುಲ್ಲಿನ ಹೊರೆ, ಸೌದೆ, ನೀರಿನ ಕೊಡ ಹೊರಬಾರದು. ಆನೆಯ ಕಾವಲಿಗೆಂದು ರಾತ್ರಿ ಮರದ ಮೇಲಿನ ಅಟ್ಟಣೆಗೆ ಏರಬಾರದು. ಆ ಸರದಿಯನ್ನು ಮನೆಯ ಬೇರೆಯವರು ಹೊರಲಿ. ಕಾಲುವೆಗೆ, ಬಾವಿಗೆ ತಲೆಕೆಳಗಾಗಿ ಧುಮುಕಬಾರದು. ಹಿಂದೆ ತಿರುಗಿ ನೋಡಲಾರದವರು ಮೋಟಾರ್ ಸೈಕಲ್ ಓಡಿಸುವುದನ್ನು ಬಿಡುವುದು ಲೇಸು. ಬಿಡಲಾಗದಿದ್ದರೆ ಎರಡು ಕಡೆಗೂ ಕನ್ನಡಿ ಇರಲಿ. ಕ್ಷೌರದ ನಂತರ ಕತ್ತನ್ನು ತಿರುವಿ ನೆಟಿಕೆ ತೆಗೆಸುವುದು, ಉಳುಕು ತೆಗೆಯುವವರಿಂದ ಬೆನ್ನು ತುಳಿಸುವುದು, ಕಾಲು ಮುಂದಾಗಿ ಹುಟ್ಟಿದವರಿಂದ ಬೆನ್ನಿಗೆ ಒದೆಸುವುದು, ಬರೆ ಹಾಕಿಸುವುದು, ಇವೆಲ್ಲ ಈ ರೋಗದಲ್ಲಿ ನಿಷಿದ್ಧ. ಉಳುಕಿಗೆ ಅವುಗಳಿಂದ ಏನು ಪ್ರಯೋಜನವೋ ಅದು ಬೇರೆ ಮಾತು. ಬೆಸೆದ ಕುತ್ತಿಗೆಯನ್ನು ತಿರುವಿದರೆ ಪ್ರಾಣಾಪಾಯವುಂಟು.

ಬಿದ್ದ ನಂತರ ಕುತ್ತಿಗೆಯಲ್ಲಿ ಹೊಸ ನೋವು ಬಂದರೆ, ಬೆರಳು ಜೋಮು ಹಿಡಿದರೆ, ಅಥವಾ ಎಷ್ಟೋ ವರ್ಷದಿಂದ ಬಿಗಿದಿದ್ದ ಕುತ್ತಿಗೆ ಇದ್ದಕ್ಕಿದ್ದಂತೆ ಅಲ್ಲಾಡತೊಡಗಿದರೆ ಮೂಳೆ ಮುರಿದಿದೆಯೆಂದೇ ಭಾವಿಸಬೇಕು. ಈ ಕೊನೆಯದನ್ನು ಕಂಡು ದೇವರು ಕಣ್ಣು ಬಿಟ್ಟನೆಂದು ಸಂತೋಷಪಡುವವರುಂಟು. ಅದು ಅತ್ಯಂತ ಅಪಾಯದ ಸೂಚನೆ. ಆಗ ತಲೆಯನ್ನು ನೇರ ಮಾಡಲು ಹೋಗಬಾರದು. ಮೊದಲು ಕುತ್ತಿಗೆ ಎಷ್ಟು ಬಾಗಿತ್ತೋ ಅಷ್ಟೇ ಬಾಗಿರುವಂತೆ ತಲೆಯ ಕೆಳಗೆ ಮಡಿಸಿದ ಕಂಬಳಿ ಅಥವಾ ಸೀರೆಯನ್ನಿಟ್ಟು, ಎರಡು ಬದಿಗೂ ಆಸರೆ ಕೊಟ್ಟು, 108ಕ್ಕೆ ಕರೆ ಮಾಡಬೇಕು. ವಾಹನದವರಿಗೆ ‘ಇವರ ಕುತ್ತಿಗೆ ಮೊದಲೇ ಬಾಗಿ ಬೆಸೆದಿತ್ತು, ನೇರವಾಗಿ ಮಲಗಿಸಬೇಡಿ’ ಎಂದು ಹೇಳಬೇಕು. ಸಾಮಾನ್ಯ ಕ್ಷ-ಕಿರಣ ಚಿತ್ರದಲ್ಲಿ ಇಂತಹ ಬಿರುಕು ಕಾಣದೆ ಹೋಗಬಹುದಾದುದರಿಂದ ಮೈಸೂರಿನಂತಹ ಕಡೆ ಸಿ.ಟಿ. ಅಥವಾ ಎಂ.ಆರ್.ಐ. ಚಿತ್ರ ತೆಗೆಸಬೇಕಾಗುತ್ತದೆ.

ಕೆಲವೊಮ್ಮೆ ಬೀಳದೆಯೂ, ಮೊದಲೆರಡು ಮಣಿಗಳನ್ನು ಹಿಡಿದಿರುವ ಅಸ್ಥಿಬಂಧವು ಉರಿಯೂತದಿಂದ ಸಡಿಲಗೊಳ್ಳುತ್ತದೆ. ತಲೆ ಬಗ್ಗಿಸಿದಾಗ ಬೆನ್ನಿನುದ್ದಕ್ಕೂ ವಿದ್ಯುತ್ ಹರಿದಂತಾಗುವುದು, ನಡೆಯುವಾಗ ಕಾಲು ತೊಡರುವುದು ಇದರ ಚಿಹ್ನೆ. ತಡಮಾಡದೆ ತೋರಿಸಬೇಕು. ಹಾಗೆಯೇ ಒಂದು ಕಣ್ಣು ಕೆಂಪಾಗಿ, ನೋವಾಗಿ, ಬೆಳಕನ್ನು ನೋಡಲಾಗದಿದ್ದರೆ ಅದು ಕೂಡ ಈ ರೋಗದ ಅಂಗವೇ. ನಾಲ್ವರು ರೋಗಿಗಳಲ್ಲಿ ಒಬ್ಬರಿಗಾದರೂ ಒಮ್ಮೆ ಇದು ಬರುತ್ತದೆ. ಕಣ್ಣಿಗೆ ಮನೆಮದ್ದು ಹಾಕದೆ ಅಂದೇ ಕಣ್ಣಿನ ವೈದ್ಯರನ್ನು ಕಾಣಬೇಕು.

ದಾಂಪತ್ಯ, ಸಂತಾನ ಮತ್ತು ಕುಟುಂಬ ಯೋಜನೆ

ಇದು ಅಂಟುರೋಗವಲ್ಲ. ಒಂದೇ ಹಾಸಿಗೆಯಲ್ಲಿ ಮಲಗುವುದರಿಂದ, ದಾಂಪತ್ಯ ಸಂಬಂಧದಿಂದ, ಎಂಜಲಿನಿಂದ ಹರಡುವುದಿಲ್ಲ. ಗಂಡಸಿನ ಪುರುಷತ್ವವನ್ನಾಗಲಿ ಹೆಂಗಸಿನ ಗರ್ಭಧಾರಣಶಕ್ತಿಯನ್ನಾಗಲಿ ಇದು ಕುಂದಿಸುವುದಿಲ್ಲ. ನೋವಿನಿಂದ ದಂಪತಿಗಳ ನಡುವೆ ದೂರ ಬೆಳೆಯುವುದು ಮಾತ್ರ ನಿಜ. ಬೆಳಗಿನ ಬಿಗಿತದ ಸಮಯವನ್ನು ಬಿಟ್ಟು, ಸಂಜೆ ಬಿಸಿನೀರಿನ ಸ್ನಾನದ ನಂತರ, ಕುತ್ತಿಗೆಗೆ ಭಾರ ಬೀಳದ ಭಂಗಿಯನ್ನು ಪರಸ್ಪರ ಮಾತನಾಡಿ ಅನುಸರಿಸಬಹುದು. ಇದನ್ನು ವೈದ್ಯರೊಡನೆ ಕೇಳಲು ನಾಚಬೇಕಾಗಿಲ್ಲ.

ಸಲ್ಫಾಸಲಜೀನ್ ಎಂಬ ಮಾತ್ರೆ ಸೇವಿಸುವ ಗಂಡಸರಲ್ಲಿ ವೀರ್ಯಾಣುಗಳ ಸಂಖ್ಯೆ ಕಡಿಮೆಯಾಗುತ್ತದೆ. ಮಾತ್ರೆ ನಿಲ್ಲಿಸಿದ ಎರಡು ಮೂರು ತಿಂಗಳಲ್ಲಿ ಮತ್ತೆ ಸರಿಯಾಗುತ್ತದೆ. ಮಕ್ಕಳಾಗಲಿಲ್ಲವೆಂದು ಪತ್ನಿಯನ್ನು ದೂಷಿಸುವ ಮುನ್ನ ಪತಿಯು ತಾನು ನುಂಗುವ ಮಾತ್ರೆಯ ಹೆಸರನ್ನು ವೈದ್ಯರಿಗೆ ತೋರಿಸಬೇಕು. ಆದರೆ ಈ ಮಾತ್ರೆಯನ್ನು ಗರ್ಭನಿರೋಧಕವೆಂದು ನಂಬಿ ಕೂರಲೂಬಾರದು.

ಮಕ್ಕಳಿಗೆ ಬರುತ್ತದೆಯೇ ಎಂಬುದು ಎಲ್ಲರೂ ಕೇಳುವ ಪ್ರಶ್ನೆ. 1973ರಲ್ಲಿ ಲಂಡನ್ನಿನ ಮತ್ತು ಅಮೆರಿಕದ ಲಾಸ್ ಏಂಜಲೀಸ್‌ನ ವೈದ್ಯರು ಈ ರೋಗಕ್ಕೂ ಎಚ್.ಎಲ್.ಎ.-ಬಿ27 ಎಂಬ ಆನುವಂಶಿಕ ಗುರುತಿಗೂ ಸಂಬಂಧವಿರುವುದನ್ನು ಬೇರೆ ಬೇರೆಯಾಗಿ ಕಂಡುಹಿಡಿದರು. ಈ ಗುರುತುಳ್ಳ ತಂದೆ ಅಥವಾ ತಾಯಿಯಿಂದ ಅದು ಪ್ರತಿಯೊಂದು ಮಗುವಿಗೂ ಬರುವ ಸಂಭವ ಸುಮಾರು ಅರ್ಧ. ಗುರುತು ಬಂದ ಮಕ್ಕಳಲ್ಲಿಯೂ ಬಹುಪಾಲು ಮಂದಿ ಜೀವನಪರ್ಯಂತ ಆರೋಗ್ಯವಾಗಿಯೇ ಇರುತ್ತಾರೆ. ಆದುದರಿಂದ ಈ ಒಂದು ಕಾರಣಕ್ಕೆ ಮದುವೆಯ ಸಂಬಂಧ ಮುರಿಯುವುದು, ಗರ್ಭ ತೆಗೆಸುವುದು, ಆಡಿಕೊಂಡಿರುವ ಮಕ್ಕಳಿಗೆಲ್ಲ ರಕ್ತಪರೀಕ್ಷೆ ಮಾಡಿಸುವುದು ಅನಗತ್ಯ. ಸೋದರಸಂಬಂಧದಲ್ಲಿ ಮದುವೆಯಾದವರಿಗೆ ಮಾತ್ರ ಬರುತ್ತದೆಂಬ ಮಾತೂ ಸರಿಯಲ್ಲ. ಹದಿಹರೆಯದ ಮಗನು ಹಿಮ್ಮಡಿ ನೋವೆಂದೋ ಮಂಡಿ ಬಾತಿದೆಯೆಂದೋ ತಿಂಗಳುಗಟ್ಟಲೆ ಹೇಳಿದರೆ ಆಗ ತೋರಿಸಿದರೆ ಸಾಕು.

ಗರ್ಭಿಣಿಯು ನೋವಿನ ಮಾತ್ರೆಗಳನ್ನು ತಾನಾಗಿ ಅಂಗಡಿಯಿಂದ ತಂದು ನುಂಗಬಾರದು. ಐದನೆಯ ತಿಂಗಳು ತುಂಬುತ್ತ ಬಂದಂತೆ ಅವುಗಳಿಂದ ಗರ್ಭಜಲ ಕಡಿಮೆಯಾಗಬಹುದು. ಕೊನೆಯ ಮೂರು ತಿಂಗಳಲ್ಲಿ ಶಿಶುವಿನ ಹೃದಯದ ಬಳಿಯ ರಕ್ತನಾಳ ಅಕಾಲದಲ್ಲಿ ಮುಚ್ಚಿಕೊಳ್ಳಬಹುದು. ಹೆರಿಗೆ ಸಾಮಾನ್ಯವಾಗಿ ಸಹಜವಾಗಿಯೇ ಆಗುತ್ತದೆ. ಆದರೆ ಸೊಂಟದ ಕೀಲುಗಳು ಬಿಗಿದಿದ್ದರೆ ಶಸ್ತ್ರಚಿಕಿತ್ಸೆ ಬೇಕಾಗಬಹುದು. ಅಲ್ಲಿ ಕುತ್ತಿಗೆ ಮತ್ತು ಬೆನ್ನಿನ ಪ್ರಶ್ನೆ ಬರುತ್ತದೆ. ಬೆಸೆದ ಬೆನ್ನಿಗೆ ಅರಿವಳಿಕೆಯ ಸೂಜಿ ಹೋಗದಿರಬಹುದು. ಪೂರ್ಣ ಅರಿವಳಿಕೆ ಕೊಡಬೇಕೆಂದರೆ ಕುತ್ತಿಗೆ ಹಿಂದಕ್ಕೆ ಬಾಗದೆ ಉಸಿರಿನ ನಳಿಕೆ ಹಾಕುವುದು ಕಠಿಣವಾಗಬಹುದು. ತಾಯಿ ಕಾರ್ಡಿನ ಮೇಲೆ ‘ಕುತ್ತಿಗೆ ಬಿಗಿದಿದೆ’ ಎಂದು ಮೊದಲ ತಪಾಸಣೆಯ ದಿನವೇ ಬರೆಸಿ, ಹೆರಿಗೆಯನ್ನು ಮೈಸೂರಿನ ಚೆಲುವಾಂಬ ಆಸ್ಪತ್ರೆಯಂತಹ ಸೌಕರ್ಯವುಳ್ಳ ಕಡೆ ಗೊತ್ತುಮಾಡಿಕೊಳ್ಳಬೇಕು.

ಮಕ್ಕಳು ಸಾಕೆಂದು ನಿರ್ಧರಿಸಿದ ದಂಪತಿಗಳಿಗೂ ಇದು ಅನ್ವಯಿಸುತ್ತದೆ. ಪತ್ನಿಗೆ ಕುತ್ತಿಗೆ ಬಿಗಿದಿದ್ದರೆ ಪತಿಯೇ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುವುದು ಹೆಚ್ಚು ಕ್ಷೇಮಕರ. ಅದು ಆ ಜಾಗಕ್ಕೆ ಮಾತ್ರ ಅರಿವಳಿಕೆ ಕೊಟ್ಟು, ಹೊಲಿಗೆಯಿಲ್ಲದೆ, ಕೆಲವೇ ನಿಮಿಷಗಳಲ್ಲಿ ಮುಗಿಯುವ ಕ್ರಿಯೆ. ಪತಿಗೇ ರೋಗವಿದ್ದರೂ ಅದಕ್ಕೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ಗಂಡಸು ದುಡಿಯುವ ಶಕ್ತಿ ಕಳೆದುಕೊಳ್ಳುತ್ತಾನೆಂಬ ಹಳೆಯ ಮಾತನ್ನು ಇನ್ನೂ ಆಡುವವರಿದ್ದಾರೆ, ಅದರಲ್ಲಿ ಹುರುಳಿಲ್ಲ.

ಚಿಕಿತ್ಸೆ ಮತ್ತು ದಿನಚರಿ

ಇಂಡೊಮೆಥಾಸಿನ್, ನ್ಯಾಪ್ರೋಕ್ಸೆನ್ ಮುಂತಾದ ನೋವುನಿವಾರಕಗಳು ಉರಿಯೂತವನ್ನು ಇಳಿಸುತ್ತವೆ. ಅವು ಹೊಟ್ಟೆಗೂ ಮೂತ್ರಪಿಂಡಕ್ಕೂ ತೊಂದರೆ ಕೊಡಬಲ್ಲವಾದುದರಿಂದ ವೈದ್ಯರ ಮೇಲ್ವಿಚಾರಣೆ ಬೇಕು. ಸಂತೆಯಲ್ಲಿ ಮಾರುವ ಹೆಸರಿಲ್ಲದ ಪುಡಿಗಳನ್ನು ನಂಬಬಾರದು. ಮೇಲೆ ಹೇಳಿದ ಸಲ್ಫಾಸಲಜೀನ್ ಕೈಕಾಲಿನ ಕೀಲುಗಳಿಗೆ ಉಪಯುಕ್ತ. ಕುತ್ತಿಗೆಗೆ ಅಷ್ಟಾಗಿ ಫಲಕಾರಿಯಲ್ಲ. ಇವುಗಳಿಂದ ಹತೋಟಿಗೆ ಬಾರದವರಿಗೆ ಕಳೆದ ಎರಡು ದಶಕಗಳಿಂದ ಬಯಾಲಾಜಿಕಲ್ ಎಂಬ ಚುಚ್ಚುಮದ್ದುಗಳು ಬಳಕೆಯಲ್ಲಿವೆ. ಅವು ಬಹಳ ಮಂದಿಗೆ ಹೊಸ ಬಾಳನ್ನೇ ಕೊಟ್ಟಿವೆ. ವೆಚ್ಚ ಮಾತ್ರ ಅಧಿಕ. ಮೈಯಲ್ಲಿ ಅಡಗಿರುವ ಕ್ಷಯವನ್ನು ಅವು ಕೆರಳಿಸಬಹುದಾದುದರಿಂದ ಮೊದಲು ಕ್ಷಯದ ಪರೀಕ್ಷೆ ಕಡ್ಡಾಯ. ತಾಲ್ಲೂಕು ಆಸ್ಪತ್ರೆಯಿಂದ ಚೀಟಿ ಪಡೆದು ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲಿ ವಿಚಾರಿಸಬೇಕು.

ಬೀಡಿ, ಸಿಗರೇಟನ್ನು ಪೂರ್ತಿ ಬಿಡಬೇಕು. ಸೇದುವವರಲ್ಲಿ ಬೆನ್ನೆಲುಬು ಬೇಗ ಬೆಸೆದುಕೊಳ್ಳುತ್ತದೆ. ಮೊದಲೇ ಅಗಲವಾಗದ ಎದೆಗೆ ಹೊಗೆಯೂ ಸೇರಿದರೆ ಶ್ವಾಸಕೋಶದ ಗತಿಯೇನು? ಈ ನಾಲ್ಕು ತಾಲ್ಲೂಕುಗಳಲ್ಲಿ ಹೊಗೆಸೊಪ್ಪು ಬೆಳೆದು ಹರಾಜಿಗೆ ಒಯ್ಯುವುದು ಜೀವನೋಪಾಯ. ಬೆಳೆಯುವವನು ಸೇದಲೇಬೇಕೆಂಬ ನಿಯಮವಿಲ್ಲ. ಹಸಿ ಎಲೆಯನ್ನು ಕಡ್ಡಿಗೆ ಕಟ್ಟುವಾಗ, ಹದವಾದ ಸೊಪ್ಪನ್ನು ದರ್ಜೆ ವಿಂಗಡಿಸುವಾಗ ಗಂಟೆಗಟ್ಟಲೆ ತಲೆ ಬಗ್ಗಿಸಿ ಕೂರುವುದು ಈ ರೋಗಿಗಳಿಗೆ ಒಳ್ಳೆಯದಲ್ಲ. ಅರ್ಧ ಗಂಟೆಗೊಮ್ಮೆ ಎದ್ದು, ಎದೆಯುಬ್ಬಿಸಿ ನಿಂತು, ನಾಲ್ಕು ಹೆಜ್ಜೆ ನಡೆಯಬೇಕು.

ಹಗ್ಗ ಸಡಿಲಗೊಂಡ ಮಂಚದ ಮೇಲೆ ಮಲಗುವ ಬದಲು ನೆಲದ ಮೇಲೆ ಚಾಪೆ, ಅದರ ಮೇಲೆ ತೆಳುವಾದ ಹಾಸಿಗೆ ಸಾಕು. ದಿಂಬು ತೆಳ್ಳಗಿರಲಿ, ಸಾಧ್ಯವಾದರೆ ಬೇಡ. ಕುತ್ತಿಗೆ ಈಗಾಗಲೇ ಬಾಗಿ ಬೆಸೆದಿದ್ದವರು ಮಾತ್ರ ತಲೆ ನೇತಾಡದಷ್ಟು ಎತ್ತರದ ದಿಂಬು ಇಡಬೇಕು. ದಿನಕ್ಕೆ ಎರಡು ಬಾರಿ ಹದಿನೈದು ಇಪ್ಪತ್ತು ನಿಮಿಷ ಬೋರಲಾಗಿ ಮಲಗುವುದು ಬೆನ್ನು ಗೂನಾಗುವುದನ್ನು ತಡೆಯುತ್ತದೆ. ಬೆಳಿಗ್ಗೆ ಬಿಸಿನೀರು ಹಾಕಿಕೊಂಡ ಮೇಲೆ ಗದ್ದವನ್ನು ಒಳಕ್ಕೆ ಎಳೆದುಕೊಳ್ಳುವುದು, ತಲೆಯನ್ನು ನಿಧಾನವಾಗಿ ಎಡಕ್ಕೂ ಬಲಕ್ಕೂ ತಿರುಗಿಸುವುದು, ಕಿವಿಯನ್ನು ಹೆಗಲ ಕಡೆಗೆ ಬಾಗಿಸುವುದು, ಪಕ್ಕೆಯ ಮೇಲೆ ಅಂಗೈಯಿಟ್ಟು ಅದನ್ನು ತಳ್ಳುವಂತೆ ದೀರ್ಘವಾಗಿ ಉಸಿರೆಳೆಯುವುದು, ಇವನ್ನು ಹತ್ತು ಹತ್ತು ಬಾರಿ ಮಾಡಬೇಕು. ಎಲ್ಲಿಯೂ ಜಗ್ಗಬಾರದು, ಕುಲುಕಬಾರದು. ಮಣಿಗಳು ಬೆಸೆದಿರುವ ಕಡೆ ಬಲವಂತ ಸಲ್ಲದು. ಯಾವ ವ್ಯಾಯಾಮ ತಕ್ಕುದೆಂದು ವೈದ್ಯರನ್ನು ಕೇಳಿಯೇ ತೊಡಗಬೇಕು. ಇಂಗ್ಲೆಂಡಿನ ಕ್ರಿಕೆಟ್ ತಂಡದ ನಾಯಕರಾಗಿದ್ದ ಮೈಕ್ ಅಥರ್ಟನ್ ಅವರಿಗೆ ಈ ರೋಗವಿತ್ತು. ಅದನ್ನಿಟ್ಟುಕೊಂಡೇ ಅವರು 115 ಟೆಸ್ಟ್ ಪಂದ್ಯಗಳನ್ನು ಆಡಿದರು.

ತಿಂಗಳಿಗೊಮ್ಮೆ ದಂಪತಿಗಳು ಮನೆಯಲ್ಲಿಯೇ ಎರಡು ಅಳತೆ ತೆಗೆದುಕೊಳ್ಳಬಹುದು. ರೋಗಿಯು ಹಿಮ್ಮಡಿ, ಪೃಷ್ಠ, ಬೆನ್ನು ಗೋಡೆಗೆ ತಾಗುವಂತೆ ನಿಂತು, ಗದ್ದ ಎತ್ತದೆ ತಲೆಯ ಹಿಂಭಾಗವನ್ನು ಗೋಡೆಗೆ ತಾಗಿಸಲು ಪ್ರಯತ್ನಿಸಲಿ. ತಾಗದಿದ್ದರೆ ನಡುವೆ ಎಷ್ಟು ಬೆರಳು ಹಿಡಿಯುತ್ತದೆಂದು ಜೊತೆಯವರು ನೋಡಲಿ. ಬಳಿಕ ದರ್ಜಿಯ ಟೇಪನ್ನು ಗಂಡಸರಿಗೆ ಮೊಲೆತೊಟ್ಟಿನ ಮಟ್ಟದಲ್ಲಿ, ಹೆಂಗಸರಿಗೆ ಸ್ತನದ ಕೆಳಗೆ ಸುತ್ತಿ, ಉಸಿರು ಪೂರ್ತಿ ಬಿಟ್ಟಾಗ ಒಮ್ಮೆ, ಪೂರ್ತಿ ಎಳೆದಾಗ ಒಮ್ಮೆ ಅಳೆಯಬೇಕು. ಆರೋಗ್ಯವಂತ ಯುವಕರಲ್ಲಿ ವ್ಯತ್ಯಾಸ ಸುಮಾರು 5 ಸೆಂಟಿಮೀಟರ್ ಅಥವಾ ಅದಕ್ಕೂ ಹೆಚ್ಚಿರುತ್ತದೆ. ಎರಡೂವರೆಗಿಂತ ಕಡಿಮೆಯಿದ್ದರೆ ಎದೆಯ ಕೀಲುಗಳು ಬಿಗಿಯುತ್ತಿರಬಹುದು. ಎರಡು ಅಳತೆಗಳನ್ನೂ ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ಮನೆಯಲ್ಲಿಯೇ ಬರೆದಿಟ್ಟು, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬರುವಾಗ ಆ ಹಾಳೆಗಳನ್ನು ಜೊತೆಗೆ ತರಬೇಕು.